ಸಹಿ ನಿಮ್ಮದು, ಕಂತು ನಮ್ಮದು: ಪುರಸಭೆಯ ಸಾಲದ ಫೈಲ್ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಪೌರಾಡಳಿತ ಸಚಿವರಿಗೆ, ಮಾನ್ಯ ಕೈಗಾರಿಕಾ ಸಚಿವರಿಗೆ, ಮತ್ತು ಹಣಕಾಸು ಇಲಾಖೆಯಲ್ಲಿ ಈ ಫೈಲ್ ಸದ್ಯಕ್ಕೆ ಯಾರ ಟೇಬಲ್ ಮೇಲಿದೆಯೋ ಆ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಒಂದು ಪುರಸಭೆ ಊರಿನವಳು. ಪುರಸಭೆ ಕಚೇರಿಯ ಎದುರಿಗೇ ನನ್ನ ಅಂಗಡಿ. ಜಿಎಸ್‌ಟಿ ರಿಟರ್ನ್ ತುಂಬೋದು, ಸ್ತ್ರೀಶಕ್ತಿ ಸಂಘಗಳ ಲೆಕ್ಕ ಬರೆಯೋದು, ಜೆರಾಕ್ಸ್, ಇಷ್ಟೇ ನನ್ನ ವ್ಯಾಪಾರ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನಾಳೆಯಿಂದ ಮಾತೆಲ್ಲಾ ನಮ್ಮ ಮುಖ್ಯಾಧಿಕಾರಿ ಎಂಥವರು, ಶಾಸಕರು ಯಾವ ಪಾರ್ಟಿ, ನಾನು ಯಾರ ಕಡೆಯವಳು ಅನ್ನೋದರ ಸುತ್ತ ಸುತ್ತುತ್ತದೆ. ಸಾಲದ ವಿಷಯ ಮೂಲೆಗೆ ಬೀಳುತ್ತದೆ. ಫೈಲ್ ನಿಮ್ಮ ಹತ್ತಿರವೇ ಇದೆ, ತೆಗೆದು ನೋಡಿದರೆ ಯಾವ ಊರು ಅಂತ ನಿಮಗೆ ಗೊತ್ತಾಗುತ್ತದೆ. ನಮ್ಮಂಥ ಊರುಗಳು ಇನ್ನೂ ಇವೆ, ಅವರೂ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಆ ಫೈಲ್ ನನ್ನ ಕಣ್ಣಿಗೆ ಬಿದ್ದದ್ದೇ ಒಂದು ತಮಾಷೆ. ಎರಡು ತಿಂಗಳ ಹಿಂದೆ ಪುರಸಭೆಯ ಜೆರಾಕ್ಸ್ ಮಷಿನ್ ಕೆಟ್ಟಿತ್ತು. ಅಟೆಂಡರ್ ಒಂದಿಷ್ಟು ಹಾಳೆ ಹಿಡಿದುಕೊಂಡು ರಸ್ತೆ ದಾಟಿ ಬಂದರು. "ಮೇಡಂ, ನಾಲ್ಕು ಸೆಟ್, ಬೇಗ, ನೋಟಿಸ್ ಬೋರ್ಡಿಗೆ ಅಂಟಿಸಬೇಕು" ಅಂದರು. ಹಾಳೆ ಒಂದೊಂದಾಗಿ ಬಿಸಿಬಿಸಿಯಾಗಿ ಹೊರಗೆ ಬರುವಾಗ ಓದದೇ ಇರೋದು ನನ್ನಿಂದ ಆಗಲಿಲ್ಲ. ಅದು ಸಭೆಯ ನಡವಳಿ. ಸಭೆ ಅಂದರೆ ಏನು, ಕೌನ್ಸಿಲ್ ಅವಧಿ ಮುಗಿದಿದೆ, ಆಡಳಿತಾಧಿಕಾರಿ ಇದ್ದಾರೆ, ಅವರೊಬ್ಬರೇ ಸಭೆ. ಬೀದಿ ದೀಪ, ಹಂದಿ ಹಿಡಿಯುವ ಟೆಂಡರ್, ಸಂತೆ ಸುಂಕದ ಹರಾಜು, ಇವುಗಳ ಮಧ್ಯೆ ಎರಡೂವರೆ ಸಾಲಿನ ಒಂದು ಠರಾವು. ಊರ ಹೊರಗೆ ಬರುವ ಹೊಸ ಕೈಗಾರಿಕಾ ಪ್ರದೇಶಕ್ಕೆ ರಸ್ತೆ ಮತ್ತು ನೀರಿನ ಸೌಲಭ್ಯ ಒದಗಿಸಲು ಪುರಸಭೆಯ ವಂತಿಕೆಯನ್ನು ಸಾಲದ ರೂಪದಲ್ಲಿ ಪಡೆಯಲು, ಸದರಿ ಸಾಲಕ್ಕೆ ಸರ್ಕಾರದ ಅನುಮೋದನೆ ಕೋರಲು ತೀರ್ಮಾನಿಸಲಾಯಿತು. ಮುಗಿಯಿತು. ಮುಂದಿನ ವಿಷಯ ನಾಯಿಗಳ ಸಂತಾನಹರಣ.

ನಾನು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ ಫೈಲ್ ಪ್ರತಿ ತೆಗೆದುಕೊಂಡೆ. (ನನ್ನ ಅಂಗಡಿಯಲ್ಲಿ ಪುಟಕ್ಕೆ ಇಷ್ಟು ತೆಗೆದುಕೊಂಡರೆ ಜನ ಜಗಳಕ್ಕೆ ಬರುತ್ತಾರೆ, ಇರಲಿ.) ಕೂತು ಓದಿದೆ. ಡಿಪಿಆರ್ (ಯೋಜನೆಯ ವಿವರವಾದ ವರದಿ) ಇದೆ, ನಕ್ಷೆ ಇದೆ, ಪೈಪಿನ ದಪ್ಪ ಎಷ್ಟು ಅಂತ ಇದೆ, ಗುದ್ದಲಿ ಪೂಜೆಗೆ ಶಾಮಿಯಾನದ ಅಂದಾಜು ಕೂಡ ಇದೆ. ಸಾಲ ನಮ್ಮ ಪುರಸಭೆಯ ಒಂದು ವರ್ಷದ ಸ್ವಂತ ವರಮಾನದ ಹಲವು ಪಟ್ಟು. ಅದನ್ನು ತೀರಿಸೋದು ಹೇಗೆ ಅನ್ನೋದಕ್ಕೆ ಒಂದೇ ಒಂದು ವಾಕ್ಯ. ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ಕಂತಿನ ಮೊತ್ತವನ್ನು ಮೂಲದಲ್ಲೇ ಕಡಿತ ಮಾಡಿಕೊಳ್ಳಬಹುದು, ಅಂತ. ಕಾರ್ಖಾನೆಗಳಿಂದ ಪುರಸಭೆಗೆ ಎಷ್ಟು ತೆರಿಗೆ ಬರುತ್ತದೆ, ಯಾವ ವರ್ಷದಿಂದ, ಬರದೇ ಹೋದರೆ ಏನು, ಈ ಮೂರೂ ಪ್ರಶ್ನೆಗೆ ಇಡೀ ಫೈಲಿನಲ್ಲಿ ಒಂದು ಹಾಳೆಯೂ ಇಲ್ಲ.

ಮೂಲದಲ್ಲೇ ಕಡಿತ. ಕೇಳೋಕೆ ಎಷ್ಟು ಸಲೀಸಾಗಿದೆ ನೋಡಿ. ಆ ಅನುದಾನಕ್ಕೆ ಮುಕ್ತನಿಧಿ ಅನ್ನುತ್ತಾರೆ. ನಮ್ಮ ಊರಿನಲ್ಲಿ ಅದು ಅಂದರೆ ಏನು ಅಂತ ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ ನಮ್ಮ ಬೀದಿಗೆ ನೀರು ಬಿಡುವ ಬೋರ್‌ವೆಲ್ ಮೋಟಾರು ಸುಟ್ಟಿತು. ರಿವೈಂಡಿಂಗ್ ಮಾಡಿಸೋಕೆ ಹನ್ನೊಂದು ದಿನ ಹಿಡಿಯಿತು. ಹಳೆ ಬಿಲ್ಲು ಬಾಕಿ ಇದೆ, ಅದು ಕೊಡೋ ತನಕ ಈ ಮೋಟಾರು ಬಿಚ್ಚಲ್ಲ ಅಂತ ವೈಂಡಿಂಗ್ ಅಂಗಡಿಯವನು ಹಠ ಹಿಡಿದ. ಅವನದೇನೂ ತಪ್ಪಿಲ್ಲ. ಹನ್ನೊಂದು ದಿನ ನಾವು ಟ್ಯಾಂಕರ್ ನೀರಿಗೆ ಬಿಂದಿಗೆ ಸಾಲಿಟ್ಟು ಕಾದೆವು. ಎಂಬತ್ತು ದಾಟಿದ ನಮ್ಮ ಅಪ್ಪ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಟ್ಯಾಂಕರ್ ಸದ್ದಿಗೆ ಕಿವಿ ಕೊಟ್ಟು ಕೂರುತ್ತಿದ್ದರು, ಬಂದ ಕೂಡಲೇ ನನಗೆ ಫೋನ್. ಆ ಮೋಟಾರಿನ ದುಡ್ಡು, ಚರಂಡಿಗೆ ಹಾಕುವ ಬ್ಲೀಚಿಂಗ್ ಪೌಡರ್ ದುಡ್ಡು, ಸುಟ್ಟುಹೋದ ಬೀದಿ ದೀಪ ಬದಲಾಯಿಸುವ ದುಡ್ಡು, ಎಲ್ಲಾ ಬರೋದು ನೀವು ಮೂಲದಲ್ಲೇ ಕಡಿತ ಮಾಡುತ್ತೇವೆ ಅನ್ನುವ ಅದೇ ನಿಧಿಯಿಂದ. ಕಂತು ಕಡಿತವಾದ ತಿಂಗಳು ಬೆಂಗಳೂರಿನಲ್ಲಿ ಯಾರಿಗೂ ಏನೂ ಅನ್ನಿಸುವುದಿಲ್ಲ. ಇಲ್ಲಿ ಮೋಟಾರು ಹನ್ನೊಂದರ ಬದಲು ಇಪ್ಪತ್ತೆರಡು ದಿನ ಬಿದ್ದಿರುತ್ತದೆ, ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆ ಬೇಡ ಅನ್ನೋ ಪೈಕಿ ನಾನಲ್ಲ. ನಮ್ಮ ಊರಿನ ಹುಡುಗರು ಐಟಿಐ ಮುಗಿಸಿ ಬೆಳಗ್ಗೆ ಐದೂವರೆ ಬಸ್ಸಿಗೆ ನೇತಾಡಿಕೊಂಡು ಹೋಗೋದನ್ನು ದಿನಾ ನೋಡುತ್ತೇನೆ. ಕೆಲಸ ಇಲ್ಲೇ ಸಿಕ್ಕರೆ ನನಗಿಂತ ಖುಷಿಪಡೋರು ಯಾರೂ ಇಲ್ಲ. ನನ್ನ ಅಂಗಡಿಗೂ ನಾಲ್ಕು ಗಿರಾಕಿ ಜಾಸ್ತಿ ಆಗುತ್ತಾರೆ. ಆದರೆ ಇದೇ ತರಹದ ಒಂದು ಸಾಲದ ಕಥೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಬೇರೆ ದೇಶದಲ್ಲಿ. ಅದಕ್ಕೇ ಆ ಎರಡೂವರೆ ಸಾಲು ಓದಿದಾಗ ನನ್ನ ಕೈ ಜೆರಾಕ್ಸ್ ಮಷಿನ್ ಮೇಲೆ ಹಾಗೇ ನಿಂತಿದ್ದು.

ನಮ್ಮವರ ಕೆಲಸದ ಸಲುವಾಗಿ ಕೆಲವು ವರ್ಷ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್ ಅನ್ನುವ ಊರಿನಲ್ಲಿದ್ದೆವು. ಮಿಷಿಗನ್ ಸರೋವರದ ದಡದ ಊರು. ಕ್ರಿಂಗಲ್ ಅಂತ ಉಂಗುರದಂಥ ಒಂದು ಸಿಹಿ ರೊಟ್ಟಿ ಬಿಟ್ಟರೆ ಹೊರಗಿನವರಿಗೆ ಆ ಊರಿನ ಹೆಸರು ಗೊತ್ತಿರಲಿಲ್ಲ. ಅದರ ಪಕ್ಕದಲ್ಲೇ ಮೌಂಟ್ ಪ್ಲೆಸೆಂಟ್. ಅಲ್ಲಿನ ಕಾನೂನಿನಲ್ಲಿ ಅದಕ್ಕೆ 'ವಿಲೇಜ್' ಅಂತಲೇ ಹೆಸರು. ಜನಸಂಖ್ಯೆ 27 ಸಾವಿರ ಚಿಲ್ಲರೆ. ನಮ್ಮ 1964ರ ಪುರಸಭೆ ಕಾಯ್ದೆ ಪ್ರಕಾರ 20 ಸಾವಿರದಿಂದ 50 ಸಾವಿರದ ಒಳಗಿನ ಊರು ಪುರಸಭೆ, ಅಂದರೆ ಸರಿಯಾಗಿ ನಮ್ಮ ಅಳತೆಯ ಊರು. ಕೋಸು, ಜೋಳದ ಹೊಲ, ಮಧ್ಯೆ ಮಧ್ಯೆ ಮನೆಗಳು.

2017ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷರ ಭವನದಲ್ಲೇ ಘೋಷಣೆ ಆಯಿತು. ತೈವಾನಿನ ಫಾಕ್ಸ್‌ಕಾನ್ ಕಂಪನಿ ವಿಸ್ಕಾನ್ಸಿನ್‌ನಲ್ಲಿ 1,000 ಕೋಟಿ ಡಾಲರ್ ಹಾಕಿ ಟಿವಿ ಪರದೆ ಮಾಡುವ ಕಾರ್ಖಾನೆ ಕಟ್ಟುತ್ತದೆ, 13,000 ಜನರಿಗೆ ಕೆಲಸ. ಗವರ್ನರ್ ಸ್ಕಾಟ್ ವಾಕರ್ ಸೆಪ್ಟೆಂಬರಿನಲ್ಲಿ ಸುಮಾರು 300 ಕೋಟಿ ಡಾಲರಿನ ರಿಯಾಯಿತಿ ಕೊಡುವ ಕಾನೂನಿಗೆ ಸಹಿ ಹಾಕಿದರು. ಜಾಗ ಮೌಂಟ್ ಪ್ಲೆಸೆಂಟ್ ಅಂತಾಯಿತು. ಆ ಹಳ್ಳಿ ಮತ್ತು ರಸೀನ್ ಕೌಂಟಿ ಸೇರಿ 76.4 ಕೋಟಿ ಡಾಲರ್ ಹೊಂದಿಸಬೇಕು ಅಂತಾಯಿತು. ಜಮೀನು ಕೊಳ್ಳೋಕೆ, ರಸ್ತೆಗೆ, ನೀರಿನ ಪೈಪಿಗೆ, ಚರಂಡಿಗೆ. ಆಗಿನ ಲೆಕ್ಕದಲ್ಲಿ ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 5,000 ಕೋಟಿ ರೂಪಾಯಿ.

ಅಷ್ಟು ದುಡ್ಡು ಎಲ್ಲಿಂದ? ಅಲ್ಲಿ ಒಂದು ಪದ್ಧತಿ ಇದೆ, ಟಿಐಎಫ್ ಅನ್ನುತ್ತಾರೆ. ಒಂದು ಜಾಗಕ್ಕೆ ಗೆರೆ ಹಾಕುತ್ತಾರೆ. ಅಲ್ಲಿ ಮುಂದೆ ಕಾರ್ಖಾನೆ ಬಂದು ಆಸ್ತಿ ಬೆಲೆ ಏರಿ ತೆರಿಗೆ ಜಾಸ್ತಿ ಬರುತ್ತದಲ್ಲ, ಆ ಬರಬೇಕಾದ ತೆರಿಗೆಯನ್ನು ನೆಚ್ಚಿಕೊಂಡು ಇವತ್ತೇ ಸಾಲ ಎತ್ತುತ್ತಾರೆ. ಹುಟ್ಟಲಿರುವ ಕರುವಿನ ಹಾಲಿನ ಮೇಲೆ ಇವತ್ತು ಡೈರಿಯಲ್ಲಿ ಅಡ್ವಾನ್ಸ್ ತೆಗೆದುಕೊಂಡ ಹಾಗೆ. ಕರು ಹೆಣ್ಣಾದರೆ ಚೆನ್ನ. ಇದರಲ್ಲಿ ಅತಿ ಆಗಬಾರದು ಅಂತ ವಿಸ್ಕಾನ್ಸಿನ್ ಕಾನೂನು ಒಂದು ಬೇಲಿ ಹಾಕಿತ್ತು, ಊರಿನ ಒಟ್ಟು ಆಸ್ತಿ ಬೆಲೆಯ 12 ಶೇಕಡಕ್ಕಿಂತ ಜಾಸ್ತಿ ಇಂಥ ಗೆರೆಯೊಳಗೆ ಸೇರಿಸುವಂತಿಲ್ಲ. ಈ ಒಂದು ಯೋಜನೆಗೆ ರಾಜ್ಯ ಸರ್ಕಾರವೇ ಕಾನೂನು ಮಾಡಿ ಆ ಬೇಲಿ ಕಿತ್ತುಹಾಕಿತು. ಕಾವಲಿಗೆ ಇದ್ದವರೇ ಬಾಗಿಲು ತೆಗೆದಂತಾಯಿತು.

2018ರ ಜೂನ್‌ನಲ್ಲಿ ಸುಮಾರು 2,800 ಎಕರೆ ಜಾಗವನ್ನು ಹಳ್ಳಿಯ ಬೋರ್ಡ್ 'ಬ್ಲೈಟೆಡ್' ಅಂತ ಘೋಷಿಸಿತು. ಅಂದರೆ ಹಾಳುಬಿದ್ದ ಪ್ರದೇಶ. ಕೋಸಿನ ಹೊಲ, ವಾಸದ ಮನೆ ಇದ್ದ ಜಾಗ ಅದು! ಅದೇ ತಿಂಗಳ 28ಕ್ಕೆ ಟ್ರಂಪ್ ಬಂದು ಬಂಗಾರದ ಬಣ್ಣದ ಸಲಿಕೆಯಿಂದ ಮಣ್ಣು ಅಗೆದು, ಇದು ಪ್ರಪಂಚದ ಎಂಟನೇ ಅದ್ಭುತ ಅಂದರು. ಗುದ್ದಲಿ ಪೂಜೆ ಎಲ್ಲಾ ಕಡೆ ಒಂದೇ, ಅಲ್ವಾ? ಸರೋವರದಿಂದ ದಿನಕ್ಕೆ 70 ಲಕ್ಷ ಗ್ಯಾಲನ್ ನೀರು ತಿರುಗಿಸಿಕೊಳ್ಳಲು ರಾಜ್ಯ ಆ ವರ್ಷವೇ ಒಪ್ಪಿಗೆ ಕೊಟ್ಟಿತ್ತು. ನಮ್ಮಲ್ಲಿ ಊರಿನವರಿಗೆ ತಲೆಗೆ 135 ಲೀಟರ್ ಅಂತ ಲೆಕ್ಕ ಹಾಕುತ್ತಾರಲ್ಲ, ಆ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಎರಡು ಲಕ್ಷ ಜನರ ನೀರು.

ಆಮೇಲೆ ಏನಾಯಿತು? ಮೊದಲು ಹೇಳಿದ ದೊಡ್ಡ ಪರದೆಯ ಕಾರ್ಖಾನೆ ಬರಲೇ ಇಲ್ಲ. ಪ್ಲಾನ್ ಬದಲಾಯಿತು, ಮತ್ತೆ ಬದಲಾಯಿತು. ಕೆಲವು ಕಟ್ಟಡ ಎದ್ದವು, ಹೆದ್ದಾರಿಯಲ್ಲಿ ಹೋಗುವಾಗ ಗಾಜಿನ ಒಂದು ದೊಡ್ಡ ಗೋಳ ಕಾಣುತ್ತಿತ್ತು. 2021ರ ಏಪ್ರಿಲ್‌ನಲ್ಲಿ ಹೊಸ ಗವರ್ನರ್ ಟೋನಿ ಎವರ್ಸ್ ಒಪ್ಪಂದ ತಿದ್ದಿ ಬರೆಸಿದರು. ಹದಿಮೂರು ಸಾವಿರದ ಜಾಗದಲ್ಲಿ 1,454 ಕೆಲಸ. 1,000 ಕೋಟಿ ಡಾಲರ್ ಜಾಗದಲ್ಲಿ 67.2 ಕೋಟಿ. ರಾಜ್ಯ ಕೊಡುವ ರಿಯಾಯಿತಿ ಹೆಚ್ಚೆಂದರೆ 8 ಕೋಟಿ ಡಾಲರ್.

ಇಲ್ಲಿ ಸ್ವಲ್ಪ ನಿಲ್ಲಿ ಸರ್. ಲೆಕ್ಕ ಬರೆಯೋಳಾಗಿ ನನಗೆ ಅತ್ಯಂತ ಮುಖ್ಯ ಅನ್ನಿಸಿದ್ದು ಇದೇ. ರಾಜ್ಯದ ರಿಯಾಯಿತಿಯಲ್ಲಿ ಬಹುಪಾಲು ಕೆಲಸ ಕೊಟ್ಟ ಮೇಲೆ, ಬಂಡವಾಳ ಹಾಕಿದ ಮೇಲೆ ಸಿಗುವಂಥದ್ದು. 2018ರಲ್ಲಿ ಕನಿಷ್ಠ 260 ಜನರಿಗೆ ಕೆಲಸ ಕೊಡಬೇಕಿತ್ತು, ಅಷ್ಟು ಆಗಲಿಲ್ಲ, ಆ ವರ್ಷದ ರಿಯಾಯಿತಿ ಸಿಗಲಿಲ್ಲ. ಆದ್ದರಿಂದ ಪ್ಲಾನ್ ಕುಗ್ಗಿದಾಗ ರಾಜ್ಯ ತನ್ನ ಭಾರವನ್ನೂ ಕುಗ್ಗಿಸಿಕೊಂಡಿತು. ಹಳ್ಳಿಯ ದುಡ್ಡು ಹಾಗಲ್ಲ. ಹಳ್ಳಿ ಮೊದಲೇ ಸಾಲ ಎತ್ತಿ, ಜಮೀನು ಕೊಂಡು, ಪೈಪ್ ಹೂತು ಆಗಿತ್ತು. ಹೂತ ಪೈಪನ್ನು ವಾಪಸ್ ಮಾಡೋಕಾಗುತ್ತದಾ? ದೊಡ್ಡವರು ಕೆಲಸ ನೋಡಿ ಕೂಲಿ ಕೊಟ್ಟರು, ಚಿಕ್ಕವರು ಮುಂಗಡ ಕೊಟ್ಟು ಕಾದರು. ನನ್ನ ಕೈಯಲ್ಲಿರುವ ಫೈಲ್‌ನಲ್ಲೂ ಅದೇ ಇದೆ. ಕಂಪನಿಗಳಿಗೆ ರಾಜ್ಯದ ಪ್ರೋತ್ಸಾಹಧನ ಉತ್ಪಾದನೆ ಶುರುವಾದ ಮೇಲೆ. ನಮ್ಮ ಪುರಸಭೆಯ ಪೈಪ್‌ಲೈನ್ ಈಗಲೇ.

ಆದರೂ ಮೌಂಟ್ ಪ್ಲೆಸೆಂಟ್ ಮುಳುಗಲಿಲ್ಲ. ಅದನ್ನೂ ಹೇಳದಿದ್ದರೆ ಮೋಸ ಆಗುತ್ತದೆ. ಅವರನ್ನು ಉಳಿಸಿದ್ದು ಎರಡು ಕಾಗದ ಮತ್ತು ಸ್ವಲ್ಪ ಅದೃಷ್ಟ. ಒಂದು ಕಾಗದ ಕಂಪನಿ ಬರೆದುಕೊಟ್ಟದ್ದು. ಕಟ್ಟಿದರೂ ಸರಿ, ಕಟ್ಟದಿದ್ದರೂ ಸರಿ, 2023ರಿಂದ ಈ ಆಸ್ತಿಯ ಬೆಲೆ ಕನಿಷ್ಠ 140 ಕೋಟಿ ಡಾಲರ್ ಅಂತ ಹಿಡಿದು ತೆರಿಗೆ ಕಟ್ಟುತ್ತೇವೆ, ಅಂತ. ಇನ್ನೊಂದು ರಾಜ್ಯದ ಕಾನೂನಿನಲ್ಲೇ ಇತ್ತು. ಹಳ್ಳಿಗೆ ಕಂತು ಕಟ್ಟಲು ಆಗದೇ ಹೋದರೆ ಅಸಲು ಬಡ್ಡಿಯಲ್ಲಿ 40 ಶೇಕಡದವರೆಗೆ ರಾಜ್ಯ ನೆರವಿಗೆ ಬರುತ್ತದೆ ಅನ್ನುವ ನೈತಿಕ ಹೊಣೆ. ಅದೃಷ್ಟ ಯಾವುದು ಅಂದರೆ 2023ರಲ್ಲಿ ಮೈಕ್ರೋಸಾಫ್ಟ್ ಬಂದು ಅಲ್ಲಿ ಜಮೀನು ಕೊಂಡಿತು, ಮರು ವರ್ಷ 330 ಕೋಟಿ ಡಾಲರಿನ ಡೇಟಾ ಸೆಂಟರ್ ಘೋಷಿಸಿತು. ಅದೃಷ್ಟವನ್ನು ಡಿಪಿಆರ್‌ನಲ್ಲಿ ಬರೆಯೋಕಾಗಲ್ಲ. ಕಾಗದಗಳನ್ನು ಬರೆಸಿಕೊಳ್ಳಬಹುದು. ನಮ್ಮ ಫೈಲ್‌ನಲ್ಲಿ ಅಂಥ ಕಾಗದ ಎರಡೂ ಇಲ್ಲ, ಒಂದೂ ಇಲ್ಲ.

ಇದನ್ನೆಲ್ಲಾ ಫಾಕ್ಸ್‌ಕಾನ್ ಮೇಲಿನ ಸಿಟ್ಟಿನಿಂದ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಅದೇ ಕಂಪನಿ ದೇವನಹಳ್ಳಿ ತಾಲ್ಲೂಕಿನಲ್ಲಿ 300 ಎಕರೆಯಲ್ಲಿ ಕಾರ್ಖಾನೆ ಕಟ್ಟಿ 2025ರಿಂದ ಐಫೋನ್ ಮಾಡುತ್ತಿದೆ, ಸಾವಿರಾರು ಜನ, ಅದರಲ್ಲೂ ಹೆಣ್ಣುಮಕ್ಕಳು, ಕೆಲಸಕ್ಕೆ ಹೋಗುತ್ತಿದ್ದಾರೆ. ಒಂದೇ ಕಂಪನಿ ಒಂದು ಕಡೆ ಬಂತು, ಒಂದು ಕಡೆ ಬರಲಿಲ್ಲ. ಕಂಪನಿ ತನ್ನ ಲಾಭ ನಷ್ಟ ನೋಡಿಕೊಂಡು ಪ್ಲಾನ್ ಬದಲಾಯಿಸುತ್ತದೆ, ಅದು ಅದರ ಜಾಯಮಾನ. ಹಾಗೆ ಬದಲಾಯಿಸಿದಾಗ ಊರಿನ ಕೈಯಲ್ಲಿ ಏನು ಉಳಿಯುತ್ತದೆ ಅಂತ ನೋಡಬೇಕಾದವರು ನೀವು. ನಿಮ್ಮ ಅನುಮೋದನೆ ಇರೋದೇ ಅದಕ್ಕೆ.

ಈ ಅನುಮೋದನೆ ಅನ್ನೋದು ಹೊಸದೇನೂ ಅಲ್ಲ. 1914ರಲ್ಲೇ ಬ್ರಿಟಿಷರು ಸ್ಥಳೀಯ ಸಂಸ್ಥೆಗಳ ಸಾಲಕ್ಕೆ ಅಂತಲೇ ಒಂದು ಕಾಯ್ದೆ ಮಾಡಿದ್ದರು, ಸರ್ಕಾರದ ಒಪ್ಪಿಗೆ ಇಲ್ಲದೆ ಸಾಲ ಎತ್ತುವ ಹಾಗಿರಲಿಲ್ಲ. ಇವತ್ತಿಗೂ ಪುರಸಭೆ ತಾನಾಗಿ ಸಾಲ ಮಾಡುವಂತಿಲ್ಲ, ಮೇಲಿನವರು ನೋಡಿ ಒಪ್ಪಬೇಕು. ನಮ್ಮ ರಾಜ್ಯಕ್ಕೆ ಇದರ ಅನುಭವವೂ ಇದೆ. ದೇಶದಲ್ಲೇ ಮೊದಲ ಸಲ ಬಾಂಡ್ ಮೂಲಕ, ಅಂದರೆ ಹೂಡಿಕೆದಾರರಿಗೆ ಸಾಲಪತ್ರ ಮಾರಿ, ಸಾಲ ಎತ್ತಿದ ನಗರ ಬೆಂಗಳೂರು, 1997ರಲ್ಲಿ, 125 ಕೋಟಿ ರೂಪಾಯಿ. ಅದಕ್ಕೆ ರಾಜ್ಯ ಸರ್ಕಾರ ಗ್ಯಾರಂಟಿ ನಿಂತಿತ್ತು. ಮರು ವರ್ಷ ಅಹಮದಾಬಾದ್ 100 ಕೋಟಿ ಎತ್ತಿತು, ಗ್ಯಾರಂಟಿ ಇಲ್ಲದೆ, ಕುಡಿಯುವ ನೀರು ಮತ್ತು ಒಳಚರಂಡಿಗೆ. ಬೆಂಗಳೂರಿನಂಥ ಊರಿಗೇ ಗ್ಯಾರಂಟಿ ನಿಂತವರು ನಮ್ಮಂಥ ಸಣ್ಣ ಊರಿಗೆ ಬರೀ ಸಹಿ ಹಾಕಿ ಕೈ ತೊಳೆದುಕೊಂಡರೆ ಹೇಗೆ?

ಇನ್ನೊಂದು ವಿಚಿತ್ರ ನೋಡಿ. 2015ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಪುರಸಭೆ ಬಾಂಡುಗಳಿಗೆ ನಿಯಮ ಮಾಡಿತು. ಬಾಂಡ್ ಕೊಳ್ಳುವವನಿಗೆ ಪುರಸಭೆಯ ಲೆಕ್ಕಪತ್ರ ತೋರಿಸಬೇಕು, ಯೋಜನೆ ಏನು ಅಂತ ಹೇಳಬೇಕು, ಅಪಾಯ ಏನೇನಿದೆ ಅಂತ ಬರೆದು ಕೊಡಬೇಕು. ಸಾಲ ಕೊಡೋನಿಗೆ ಇಷ್ಟೆಲ್ಲಾ ಮರ್ಯಾದೆ. ಸಾಲ ತೀರಿಸೋನಿಗೆ? ಅವನಿಗೆ ಎರಡೂವರೆ ಸಾಲು, ಅದೂ ಜೆರಾಕ್ಸ್ ಮಷಿನ್ ಕೆಟ್ಟಿದ್ದರಿಂದ.

ಕಂಪನಿಗೂ ಅಷ್ಟೇ, ಮರ್ಯಾದೆಗೆ ಕೊರತೆ ಇಲ್ಲ. 2002ರ ಕೈಗಾರಿಕಾ ಸೌಲಭ್ಯ ಕಾಯ್ದೆ ಬಂದ ಮೇಲೆ ಅವರಿಗೆ ಏಕಗವಾಕ್ಷಿ, ಅಂದರೆ ಎಲ್ಲಾ ಒಪ್ಪಿಗೆಗೂ ಒಂದೇ ಕಿಟಕಿ. 15 ಕೋಟಿವರೆಗೆ ಜಿಲ್ಲಾಧಿಕಾರಿಗಳ ಸಮಿತಿ, 500 ಕೋಟಿ ದಾಟಿದರೆ ಖುದ್ದು ಮುಖ್ಯಮಂತ್ರಿಗಳ ಸಮಿತಿ. ಒಳ್ಳೆಯದೇ, ಹತ್ತು ಕಚೇರಿ ಅಲೆಯೋದು ತಪ್ಪುತ್ತದೆ. ಆದರೆ ಆ ಕಂಪನಿಗಾಗಿ ಸಾಲ ಹೊರುವ ಊರಿಗೆ ಯಾವ ಕಿಟಕಿ? ನಾನು ವಿಚಾರಿಸೋಕೆ ಹೋದೆ. ಪುರಸಭೆಯಲ್ಲಿ ಜಿಲ್ಲಾಡಳಿತ ಕೇಳಿ ಅಂದರು. ಅಲ್ಲಿ ಹೋದರೆ ಇದು ಬೆಂಗಳೂರಿನ ವಿಷಯ ಅಂದರು. ಬೆಂಗಳೂರಿಗೆ ಫೋನ್ ಮಾಡಿದರೆ ಪುರಸಭೆಯ ಠರಾವು ಇದೆಯಲ್ಲಮ್ಮಾ, ನಿಮ್ಮ ಊರಿನವರೇ ಕೇಳಿದ್ದಾರೆ ಅಂದರು. ನಮ್ಮ ಊರಿನವರು ಅಂದರೆ ಯಾರು ಸರ್? ನಮ್ಮ ವಾರ್ಡಿನಿಂದ ಆಯ್ಕೆಯಾದ ಒಬ್ಬ ಸದಸ್ಯರೂ ಆ ದಿನ ಆ ಕೋಣೆಯಲ್ಲಿರಲಿಲ್ಲ.

ರಸೀನ್‌ನಲ್ಲಿದ್ದಾಗ ಪಕ್ಕದ ಮನೆಯಾಕೆ ಜೊತೆ ಒಂದು ಸಲ ಮೌಂಟ್ ಪ್ಲೆಸೆಂಟಿನ ಬೋರ್ಡ್ ಸಭೆಗೆ ಹೋಗಿದ್ದೆ, ಸುಮ್ನೆ ನೋಡೋಣ ಅಂತ. ಕಬ್ಬಿಣದ ಮಡಚುವ ಕುರ್ಚಿಗಳು, ಹಿಂದೆ ಗೋಡೆಗೆ ಒರಗಿ ನಿಂತ ಜನ. ಮೈಕ್ ಮುಂದೆ ನಿಂತು ಒಬ್ಬೊಬ್ಬರೇ ತಮಗೆ ಸಿಕ್ಕ ನಿಮಿಷಗಳಲ್ಲಿ ಮಾತಾಡಿದರು. ಬೈದರು ಕೂಡ. ಬೋರ್ಡಿನವರು ಕೇಳಿಸಿಕೊಂಡರು, ಆಮೇಲೆ ತಮಗೆ ಬೇಕಾದ ಹಾಗೆ ಓಟು ಹಾಕಿದರು. ಅಲ್ಲಿಯೂ ಜನ ಗೆದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ಯಾರು ಕೈ ಎತ್ತಿದರು ಅನ್ನೋದು ಎಲ್ಲರ ಕಣ್ಣೆದುರಿಗೆ ಆಯಿತು, ಮುಂದಿನ ಚುನಾವಣೆಯಲ್ಲಿ ಅವರನ್ನು ನಿಲ್ಲಿಸಿ ಕೇಳಬಹುದಿತ್ತು. ನಮ್ಮಲ್ಲಿ ಠರಾವು ಮಾಡಿದ ಅಧಿಕಾರಿಗೆ ಮುಂದಿನ ತಿಂಗಳು ವರ್ಗಾವಣೆ ಆದರೆ ಹೋದರು. ಸಾಲ ಎಲ್ಲಿಗೂ ವರ್ಗಾವಣೆ ಆಗುವುದಿಲ್ಲ.

ಹಾಗಾಗಿ ನನ್ನ ಮೊದಲ ಕೋರಿಕೆ. ಆಡಳಿತಾಧಿಕಾರಿ ಒಬ್ಬರೇ ಇರುವಾಗ ಮಾಡಿದ ಸಾಲದ ಠರಾವನ್ನು ಮಾನ್ಯ ಮಾಡಬೇಡಿ. ಸಂಬಳ ಕೊಡಲಿ, ಕಸ ಎತ್ತಿಸಲಿ, ಪೈಪ್ ಒಡೆದರೆ ರಿಪೇರಿ ಮಾಡಿಸಲಿ. ವರ್ಷಗಟ್ಟಲೆ ಊರಿನ ಮೇಲೆ ಕೂರುವ ಸಾಲವನ್ನು ಚುನಾಯಿತ ಕೌನ್ಸಿಲ್ ಬರುವ ತನಕ ಎತ್ತಿಡಿ. ಅಷ್ಟು ಅರ್ಜೆಂಟ್ ಇದ್ದರೆ ಚುನಾವಣೆ ಬೇಗ ಮಾಡಿಸಿ, ಅದೂ ನಿಮ್ಮ ಕೈಯಲ್ಲೇ ಇದೆ.

ಎರಡನೆಯದು ತೆರಿಗೆ. ಇದು ಫೈಲಿನ ದೊಡ್ಡ ತೂತು. ಕೈಗಾರಿಕಾ ಪ್ರದೇಶ ಪುರಸಭೆ ಗಡಿಯ ಅಂಚಿನಲ್ಲಿದೆ. ಪ್ಲಾಟುಗಳ ಖಾತೆ ಯಾವಾಗ ಪುರಸಭೆಗೆ ಬರುತ್ತದೆ, ಅಲ್ಲಿಯವರೆಗೆ ತೆರಿಗೆ ಯಾರಿಗೆ, ಬರೆದಿಲ್ಲ. ಸಂವಿಧಾನದ 243ಕ್ಯೂ ವಿಧಿಯಲ್ಲಿ ಇನ್ನೊಂದು ದಾರಿ ಇದೆ, ಸೌಲಭ್ಯವನ್ನು ಕೈಗಾರಿಕೆಯೇ ಒದಗಿಸುವ ಕಡೆ ಪುರಸಭೆ ಬೇಡ, ಕೈಗಾರಿಕಾ ಟೌನ್‌ಶಿಪ್ ಅಂತ ಮಾಡಬಹುದು. ಎಲೆಕ್ಟ್ರಾನಿಕ್ಸ್ ಸಿಟಿ 2013ರಲ್ಲಿ ಹಾಗೇ ಆಯಿತು, ಅಲ್ಲಿನ ತೆರಿಗೆ ಆ ಪ್ರಾಧಿಕಾರವೇ ವಸೂಲಿ ಮಾಡುತ್ತದೆ. ನಾಳೆ ನಮ್ಮ ಪಕ್ಕದ ಪ್ರದೇಶವನ್ನೂ ಟೌನ್‌ಶಿಪ್ ಮಾಡಿದರೆ? ಪೈಪ್ ಸಾಲ ನಮ್ಮ ತಲೆ ಮೇಲೆ, ಕಂದಾಯ ಅವರ ಖಾತೆಗೆ. ಆದ್ದರಿಂದ ಸಾಲ ತೀರುವ ತನಕ ಆ ಪ್ರದೇಶದ ಆಸ್ತಿ ತೆರಿಗೆ ಮೊದಲು ಈ ಕಂತಿಗೆ ಹೋಗಬೇಕು ಅಂತ ಸರ್ಕಾರಿ ಆದೇಶದಲ್ಲೇ ಬರೆಯಿರಿ. ದೊಡ್ಡ ಪ್ಲಾಟು ಪಡೆಯುವ ಕಂಪನಿಯಿಂದ ಮೌಂಟ್ ಪ್ಲೆಸೆಂಟಿನ ಹಾಗೆ ಕನಿಷ್ಠ ತೆರಿಗೆಯ ಕರಾರು ಬರೆಸಿಕೊಳ್ಳಿ. ಕಾರ್ಖಾನೆ ಕಟ್ಟಲಿ, ಕಟ್ಟದಿರಲಿ, ಇಂಥ ವರ್ಷದಿಂದ ಇಷ್ಟು. ಒಪ್ಪದ ಕಂಪನಿಗೆ ತನ್ನ ಪ್ಲಾನಿನ ಮೇಲೆ ತನಗೇ ನಂಬಿಕೆ ಇಲ್ಲ ಅಂತ ಅರ್ಥ, ಅದೂ ನಮಗೆ ಗೊತ್ತಾಗಲಿ.

ಮುಕ್ತನಿಧಿಗೆ ಕೈ ಹಾಕಬೇಡಿ ಅಂತ ಪೂರ್ತಿ ಹೇಳೋ ಧೈರ್ಯ ನನಗಿಲ್ಲ, ನಿಮಗೂ ಲೆಕ್ಕ ಹೊಂದಬೇಕು. ಆದರೆ ಒಂದು ಮಿತಿ ಇರಲಿ. ಕಂಪನಿ ಬರದೆ ತೆರಿಗೆ ಬರದೆ ಹೋದ ವರ್ಷ ಕಂತಿನ ಒಂದು ಪಾಲನ್ನು ರಾಜ್ಯ ಹೊರಲಿ. ವಿಸ್ಕಾನ್ಸಿನ್ ಸರ್ಕಾರದವರು 40 ಶೇಕಡ ಅಂದರು, ನೀವು ಎಷ್ಟು ಅಂತ ಹೇಳಿ. ಯೋಜನೆ ಇಡೀ ರಾಜ್ಯಕ್ಕೆ ಒಳ್ಳೆಯದು ಅಂತ ಉದ್ಘಾಟನೆಯ ದಿನ ನೀವೇ ಭಾಷಣ ಮಾಡುತ್ತೀರಿ, ಹಾಗಾದರೆ ನಷ್ಟವೂ ಇಡೀ ರಾಜ್ಯಕ್ಕೆ ಹಂಚಿಹೋಗಲಿ.

ನೀರಿನ ಮಾತು ಬಿಡೋಕಾಗಲ್ಲ. ಸಂವಿಧಾನದ 12ನೇ ಅನುಸೂಚಿಯಲ್ಲಿ ಪುರಸಭೆಯ 18 ಕೆಲಸಗಳ ಪಟ್ಟಿಯಲ್ಲಿ ಮನೆಗೆ, ಕೈಗಾರಿಕೆಗೆ, ವ್ಯಾಪಾರಕ್ಕೆ ನೀರು ಪೂರೈಕೆ ಅಂತ ಒಂದೇ ಸಾಲಿನಲ್ಲಿದೆ. ಆದ್ದರಿಂದ ಕೈಗಾರಿಕೆಗೆ ಪುರಸಭೆ ನೀರು ಕೊಡಬಾರದು ಅಂತ ನಾನು ವಾದ ಮಾಡುತ್ತಿಲ್ಲ. ಆದರೆ ಆ ಸಾಲಿನಲ್ಲಿ ಮನೆ ಮೊದಲು ಬರುತ್ತದೆ. ಡಿಪಿಆರ್ ನಕ್ಷೆಯಲ್ಲಿ ಜಾಕ್‌ವೆಲ್‌ನಿಂದ (ನೀರೆತ್ತುವ ಬಾವಿ) ಹೊರಟ ದಪ್ಪ ಪೈಪ್ ನಮ್ಮ ಕೆರೆ ಏರಿ ಪಕ್ಕದಲ್ಲೇ, ನಮ್ಮ ಬೀದಿಯ ತುದಿಯಲ್ಲೇ ಹಾದು ಹೋಗುತ್ತದೆ. ನಮ್ಮ ಬೀದಿಗೆ ಐದು ದಿನಕ್ಕೊಮ್ಮೆ ನೀರು. ಆ ಪೈಪಿನಿಂದ ಊರಿಗೆ ಒಂದು ಕವಲೂ ತೋರಿಸಿಲ್ಲ. ಸಾಲ ನಾವು ತೀರಿಸುವ ಪೈಪು, ನಮ್ಮ ಮನೆ ಮುಂದೆ ಹೋಗುವ ಪೈಪು, ಅದರಲ್ಲಿ ನಮಗೆ ಒಂದು ವಾಲ್ವ್ ಇಡಿಸಿ ಸರ್. ಇದು ಹಣಕಾಸು ಇಲಾಖೆಯ ವಿಷಯ ಅಲ್ಲ ಅನ್ನಬೇಡಿ, ಸಹಿ ಹಾಕುವಾಗ ಷರತ್ತು ಹಾಕುವ ಅಧಿಕಾರ ನಿಮಗಿದೆ. ಇನ್ನೊಂದು ಷರತ್ತನ್ನೂ ಸೇರಿಸಿ. ಪೂರ್ತಿ ಪೈಪ್‌ಲೈನ್ ಒಂದೇ ಸಲ ಬೇಡ, ಎಷ್ಟು ಕಾರ್ಖಾನೆ ಕಟ್ಟಡ ಮೇಲೆದ್ದಿತೋ ಅಷ್ಟಕ್ಕೆ ತಕ್ಕ ಹಾಗೆ ಹಂತ ಹಂತವಾಗಿ ಸಾಲ ಬಿಡುಗಡೆ ಆಗಲಿ. ಮನೆ ಕಟ್ಟೋಕೆ ಬ್ಯಾಂಕಿನವರು ನಮಗೆ ಹಾಗೇ ತಾನೆ ಕೊಡೋದು, ಪಾಯ ಆದ ಮೇಲೆ ಒಂದಿಷ್ಟು, ಮೋಲ್ಡಿಂಗ್ ಆದ ಮೇಲೆ ಒಂದಿಷ್ಟು.

ಕೊನೆಯದಾಗಿ ಒಂದು ಹಾಳೆ ಕೇಳುತ್ತೇನೆ. ಕನ್ನಡದಲ್ಲಿ, ಒಂದೇ ಹಾಳೆ. ಸಾಲ ಎಷ್ಟು, ಬಡ್ಡಿ ಎಷ್ಟು, ವರ್ಷಕ್ಕೆ ಕಂತು ಎಷ್ಟು, ಯಾವ ನಿಧಿಯಿಂದ, ಎಷ್ಟು ವರ್ಷ, ತೆರಿಗೆ ಬರದಿದ್ದರೆ ಯಾರು ಕಟ್ಟುತ್ತಾರೆ. ಸಹಿ ಹಾಕುವ ಮೊದಲು ಅದನ್ನು ಪ್ರತಿ ವಾರ್ಡಿನಲ್ಲಿ ಓದಿ ಹೇಳಿಸಿ, ಒಂದು ತಿಂಗಳು ಆಕ್ಷೇಪಣೆಗೆ ಕೊಡಿ. ನಮ್ಮ ಅಪ್ಪ 1971ರಿಂದ ಇವತ್ತಿನವರೆಗಿನ ಮನೆ ಕಂದಾಯದ ರಸೀದಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಾರೆ. ಒಂದು ವರ್ಷವೂ ತಪ್ಪಿಲ್ಲ. ಮೊದಲಿನವು ಕೈಬರಹದವು, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಈ ಫೈಲಿನ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು, "ಸಾಲ ಮಾಡೋಕೆ ಮುಂಚೆ ಮನೆಯವರಿಗೆ ಹೇಳಲ್ವೇನಮ್ಮಾ?"

ನನ್ನ ಅಂಗಡಿ ಬೆಳಗ್ಗೆ ಹತ್ತಕ್ಕೆ ತೆಗೆಯುತ್ತದೆ. ಪುರಸಭೆಯ ನೋಟಿಸ್ ಬೋರ್ಡ್ ಅಲ್ಲಿ ಕೂತಲ್ಲಿಂದಲೇ ಕಾಣುತ್ತದೆ. ನಿಮ್ಮ ಉತ್ತರವನ್ನು ನನ್ನ ವಿಳಾಸಕ್ಕೆ ಕಳಿಸಬೇಕಿಲ್ಲ, ಆ ಬೋರ್ಡಿನಲ್ಲಿ ಅಂಟಿಸಿದರೆ ಸಾಕು. ಅವರ ಮಷಿನ್ ಇನ್ನೂ ರಿಪೇರಿ ಆಗಿಲ್ಲ. ಆ ಹಾಳೆಯ ಜೆರಾಕ್ಸ್ ಎಷ್ಟು ಬೇಕಾದರೂ ನಾನು ದುಡ್ಡು ತೆಗೆದುಕೊಳ್ಳದೆ ಮಾಡಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪುರಸಭೆ ಎದುರಿನ ಜೆರಾಕ್ಸ್ ಅಂಗಡಿಯವಳು